ಕಾಯಿಲ್ ಕಟ್ಟಿದ ಕೈ, ಬಟನ್ ಒತ್ತುವ ಕೈ

ಮೋಟರ್ ಅಂಗಡಿಗೆ ಕೆಲಸ ಕೇಳಲು ಹೋಗುವ ಹುಡುಗಿ ಮೊದಲು ಕೇಳಬೇಕಾದ ಮಾತು, ಪಾಯಖಾನೆ ಎಲ್ಲಿದೆ ಅನ್ನುವುದು. ಪಗಾರದ ಮಾತು ಆಮೇಲೆ. ನಾಚಿಕೊಂಡು ಸುಮ್ಮನಿದ್ದರೆ ಸಂಜೆಯ ತನಕ ನೀರು ಕುಡಿಯದೆ ಕೂರಬೇಕಾಗುತ್ತದೆ. ನಾನು ಹಾಗೆ ಕೂತವಳು.

ನನ್ನ ಹೆಸರು ಶರಣಮ್ಮ. ಊರು ಸೇಡಂ ಕಡೆ. ಮೂರನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋಗಿದ್ದೆ. ಹೈದರಾಬಾದಿಗೆ ಮದುವೆಯಾಗಿ ಬಂದೆ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಸುಟ್ಟ ಮೋಟರಿಗೆ ಹೊಸ ಕಾಯಿಲ್ ಕಟ್ಟುವ ಅಂಗಡಿಯಲ್ಲಿ ನನ್ನ ಆಯುಷ್ಯ ಹೋಯಿತು. ಕಣ್ಣಿಗೆ ಪೊರೆ ಬಂದ ಮೇಲೆ ಬಿಟ್ಟೆ. ಈಗ ಸರ್ಕಾರದ ತರಬೇತಿ ಶಾಲೆಗಳಲ್ಲಿ ಹುಡುಗಿಯರೂ ಈ ಕೆಲಸ ಕಲಿಯುತ್ತಿದ್ದಾರಂತೆ. ಅವರಿಗೆ ಹೇಳಬೇಕಾದ್ದು ನಾಲ್ಕು ಮಾತು ಇವೆ. ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ, ಅಂಬಿಕಾ ಅನ್ನುವ ಹುಡುಗಿ ನೆಟ್ಟಗೆ ಮಾಡಿ ಬರೆದಿದ್ದಾಳೆ. ಅವಳ ವಿಷಯವೂ ಕೊನೆಗೆ ಬರುತ್ತದೆ. ಅದನ್ನು ಅಳಿಸಬೇಡ ಎಂದು ಹೇಳಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ಫ್ಯಾನು, ಕೂಲರು, ನೀರಿನ ಪಂಪು, ಹಿಟ್ಟಿನ ಗಿರಣಿ ಯಾವುದೇ ಇರಲಿ, ಒಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಅವೇ ಕಾಯಿಲ್. ಬೇಸಿಗೆಯಲ್ಲಿ ಊರೆಲ್ಲ ಕೂಲರ್ ಹಚ್ಚಿದಾಗ ಕರೆಂಟ್ ಕುಗ್ಗಿ ಸುಟ್ಟುಹೋಗುತ್ತವೆ. ಸುಟ್ಟದ್ದನ್ನು ಕೀಳಬೇಕು. ಕಬ್ಬಿಣದ ಸೀಳುಗಳಿಗೆ ಕಾಗದ ಕೂರಿಸಿ, ಹೊಸ ತಂತಿಯನ್ನು ಎಳೆ ಎಳೆಯಾಗಿ ಇಳಿಸಬೇಕು. ತುದಿಗಳನ್ನು ದಾರದಿಂದ ಬಿಗಿದು, ವಾರ್ನಿಷ್ ಕುಡಿಸಿ, ಒಣಗಿಸಬೇಕು. ಹೇಳುವುದಕ್ಕೆ ಇಷ್ಟೇ. ಬೆರಳಿಗೆ ಬರುವಷ್ಟರಲ್ಲಿ ವರ್ಷಗಳು ಹೋಗುತ್ತವೆ.

ನಾನು ಆ ಅಂಗಡಿಗೆ ಹೋದದ್ದು ಕೀಳುವ ಕೆಲಸಕ್ಕೆ. ನನ್ನ ಗಂಡ ಭೀಮಣ್ಣ ಬೇಗಂ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದ. ಸಕ್ಕರೆ ಚೀಲ ಸೊಂಟದ ಮೇಲೆ ಬಿತ್ತು. ಆಮೇಲೆ ಅವನು ಕೂತು ಚೀಲ ಕಾಯುವ ಕೆಲಸಕ್ಕೆ ಮಾತ್ರ ಆದ. ಹಾಗಾಗಿ ನಾನು ಹೊರಬಿದ್ದೆ. ಅಂಗಡಿಯ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, ಸುಟ್ಟ ತಂತಿಯನ್ನು ಇಕ್ಕಳದಿಂದ ಎಳೆದು ಎಳೆದು ಗುಡ್ಡೆ ಹಾಕುವುದು ನನ್ನ ಕೆಲಸ. ಆಗಿನ ರೂಢಿ ಹಾಗಿತ್ತು. ಕೀಳುವುದಕ್ಕೆ ಹೆಂಗಸು, ಕಟ್ಟುವುದಕ್ಕೆ ಗಂಡಸು.

ಅಂಗಡಿ ಖಾಜಾ ಉಸ್ತಾದರದು. ಮೂಲ ಬೀದರದವರು. ಮನೆಯಲ್ಲಿ ಉರ್ದು, ನನ್ನೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿ ಬೈಯುತ್ತಿದ್ದರು. ಅವರ ಕೈಕೆಳಗೆ ಯಾದಗಿರಿ ಅಂತ ಒಬ್ಬ ಕಾರೀಗರ. ನಾರಾಯಣಪೇಟೆ ಕಡೆಯವನು, ತೆಲುಗು ಕನ್ನಡ ಎರಡೂ ಬರುತ್ತಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಮೀಸೆ ತಿರುವುವುದರಲ್ಲಿ ಅರ್ಧ ದಿನ ಕಳೆಯುತ್ತಿದ್ದ. ಉಳಿದರ್ಧ ದಿನದಲ್ಲಿ ಬೇರೆಯವರ ಎರಡು ದಿನದ ಕೆಲಸ ಮುಗಿಸುತ್ತಿದ್ದ, ಅದನ್ನೂ ಹೇಳಬೇಕು.

ಮೊದಲ ಬೇಸಿಗೆಯಲ್ಲಿ ಅಂಗಡಿಗೆ ಚಹಾ ಬಂದಾಗಲೆಲ್ಲ ನಾನು ಬೇಡ ಅನ್ನುತ್ತಿದ್ದೆ. ಉಸ್ತಾದರ ಮನೆ ಅಂಗಡಿಯ ಹಿಂದೆಯೇ. ಚಹಾ ಮಾಡಿ ಕಳಿಸುವವರು ಅವರ ಹೆಂಡತಿ ಜೈನಬ್ ಬೀ. ನಾನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ. ಒಂದು ದಿನ ಆಪಾ ಬುರ್ಖಾ ಹಾಕಿಕೊಂಡು ಗಲ್ಲಿ ಸುತ್ತಿ ಅಂಗಡಿಯ ಮುಂದೆಯೇ ಬಂದು ನಿಂತರು.

"ಏನವಾ, ನಮ್ಮ ಮನಿ ಚಾ ನಿನಗ ನಡಿಯಂಗಿಲ್ಲೇನು? ಜಾತಿ ನೋಡ್ತಿ?"

"ಜಾತಿ ಯಾಕ ನೋಡಲ್ರಿ ಆಪಾ, ಚಾ ಕುಡದ್ರ ಹೋಗಬೇಕಾಗತೈತಿ. ಎಲ್ಲಿಗೆ ಹೋಗ್ಲಿ?"

ಆಪಾಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಾಯಿಗೆ ಬುರ್ಖಾದ ಅಂಚು ಒತ್ತಿಕೊಂಡು ನಕ್ಕರು. ಆಮೇಲೆ ನಗು ನಿಂತಿತು. "ಅಲ್ಲಾ, ಮುಂಜಾನಿಂದ ಸಂಜೀತನಕ ಹಂಗಽ ಕುಂದರ್ತೀ ಏನು?" ಅಂದರು.

ಅಂಗಡಿಗೂ ಮನೆಗೂ ನಡುವೆ ಒಂದು ಬಾಗಿಲಿತ್ತು. ಆಪಾ ಅವರ ಅತ್ತೆಯ ಕಾಲದಲ್ಲಿ ಗಿರಾಕಿಗಳ ಕಣ್ಣು ಒಳಗೆ ಬೀಳಬಾರದೆಂದು ಮೊಳೆ ಹೊಡೆದು ಮುಚ್ಚಿದ್ದರು. ಆಪಾ ಗಂಡನ ಕಡೆ ತಿರುಗಿದರು.

"ಊರಿನ ಮೋಟರ್ ಎಲ್ಲಾ ಬಿಚ್ಚತೀರಿ, ಮನಿ ಬಾಗಿಲಾ ಬಿಚ್ಚಾಕ ಬರಂಗಿಲ್ಲೇನು?"

ಉಸ್ತಾದರು ಸುತ್ತಿಗೆ ತೆಗೆದುಕೊಂಡು ಮೊಳೆ ಕಿತ್ತರು. ಆ ಬಾಗಿಲಿಗೆ ಆಪಾ ಒಂದು ಪರದೆ ಕಟ್ಟಿದರು. ಅಂದಿನಿಂದ ನನ್ನ ಚಹಾ ಶುರುವಾಯಿತು. ಹೆಂಗಸಿಗೆ ಸಹಾಯ ಮಾಡುತ್ತೇವೆ ಅನ್ನುವವರು ಈಗ ಬಹಳ ಭಾಷಣ ಮಾಡುತ್ತಾರೆ. ನನಗೆ ಆದ ದೊಡ್ಡ ಸಹಾಯ ಆ ಮೊಳೆ ಕಿತ್ತದ್ದು.

ಕಟ್ಟುವ ಕೆಲಸ ನನ್ನ ಕೈಗೆ ಬಂದದ್ದು ಯಾದಗಿರಿಗೆ ಜ್ವರ ಬಂದಾಗ. ಪಂಪಿನ ಮೋಟರ್ ಒಂದು ಅರ್ಧಕ್ಕೆ ನಿಂತಿತ್ತು. ತಂತಿ ಇಳಿಸಿ ಆಗಿತ್ತು, ತುದಿಗಳನ್ನು ದಾರದಿಂದ ಬಿಗಿಯುವುದು ಬಾಕಿ. ಉಸ್ತಾದರು ನಮಾಜಿಗೆ ಹೋಗಿದ್ದರು. ನಾನು ಊರಲ್ಲಿ ಕೌದಿ ಹೊಲಿದವಳು. ಹಳೇ ಸೀರೆಗಳನ್ನು ಪದರ ಪದರ ಹಾಕಿ ಕೂಡಿಸುವುದಕ್ಕಿಂತ ಇದು ಕಷ್ಟವೇನಲ್ಲ ಅನ್ನಿಸಿತು. ದಾರ ತೆಗೆದುಕೊಂಡು ಸುತ್ತಲೂ ಬಿಗಿದು ಗಂಟು ಹಾಕಿಟ್ಟೆ.

ಉಸ್ತಾದರು ಬಂದು ಮೋಟರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯೇ ಕೌನ್ ಕರಾ?" ಅಂದರು. ಯಾರು ಮಾಡಿದ್ದು ಅಂತ.

"ನಾನಽ ರೀ."

"ಕೈ ಹಚ್ಚು ಅಂತ ನಿನಗ ಯಾರ ಅಂದ್ರು?"

"ಯಾರೂ ಅನ್ನಲಿಲ್ರಿ. ಬ್ಯಾಡಾದ್ರ ಬಿಚ್ಚತೀನಿ."

ಅವರು ಬಿಚ್ಚು ಅನ್ನಲಿಲ್ಲ. ಒಂದು ಗಂಟಿನ ಮೇಲೆ ಉಗುರು ಹಾಕಿ ಎಳೆದು ನೋಡಿದರು, ಅಲ್ಲಾಡಲಿಲ್ಲ. "ನಾಳಿಂದ ಬಾಗಿಲದಾಗ ಕುಂದರಬ್ಯಾಡ, ಒಳಗ ಕುಂದರು" ಅಂದರು. ಯಾದಗಿರಿ ಜ್ವರ ಬಿಟ್ಟು ಬಂದಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ. "ಏಮಿ ಉಸ್ತಾದ್, ಅಂಗಡ್ಯಾಗ ಕೌದಿ ಹೊಲಿಯೋ ಧಂದೆ ಚಾಲೂ ಮಾಡಿದಿರೇನು?" ಅಂದ. ಆ ಕೌದಿಯ ಮಾತು ಅವನು ಮೂರು ವರ್ಷ ಬಿಡಲಿಲ್ಲ.

ಒಳಗೆ ಕೂತ ಮೇಲೆ ಬಳೆಯ ರಗಳೆ ಬಂತು. ತಾಮ್ರದ ತಂತಿಗೆ ಮೇಲೆ ಅರಗಿನಂಥ ತೆಳು ಲೇಪ ಇರುತ್ತದೆ. ಅದು ಕೂದಲೆಳೆಯಷ್ಟು ಕಿತ್ತರೂ ತಂತಿಗೆ ತಂತಿ ತಾಗಿ ಮೋಟರ್ ಸುಡುತ್ತದೆ. ನನ್ನ ಗಾಜಿನ ಬಳೆ ತಂತಿಗೆ ತೀಡಿ ತೀಡಿ ಎರಡು ಕೂಲರ್ ಸುಟ್ಟವು. ಉಸ್ತಾದರು ಬಳೆ ತೆಗಿ ಅಂದರು. ತೆಗೆದು ಬರಿಗೈಯಲ್ಲಿ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ಎದೆ ಬಡಿದುಕೊಂಡಳು. "ನನ್ನ ಮಗ ಇನ್ನಾ ಕುಂತಾನಲ್ಲೇ, ನಿನಗೇನ ಬಂತು ಅವಸರ!"

ಭೀಮಣ್ಣ ಒಳಗಿಂದ ಕೂಗಿದ: "ಯವ್ವಾ, ನಾ ಜೀಂವಾ ಅದೀನಿ. ಬೇಕಾದ್ರ ಗಲ್ಲಿಗೆಲ್ಲಾ ಹೇಳಿ ಬರ್ತೀನಿ, ಸೊಂಟಾ ಏಳಲಿ ತಡಿ." ಅವನು ನಗಿಸಿದ, ಆದರೆ ಅತ್ತೆ ಅನ್ನ ಬಿಟ್ಟಳು. ನೆರೆಯವರು ಬಂದು ನನ್ನ ಕೈಯನ್ನೇ ನೋಡಿ ಹೋಗುತ್ತಿದ್ದರು.

ಇದಕ್ಕೆ ದಾರಿ ತೋರಿಸಿದವನು ಯಾದಗಿರಿ, ಕೌದಿ ಅಂತ ಕಾಡಿದವನೇ. ಮೋಟರಿನ ಸುರುಳಿಗೆ ಸುತ್ತುವ ಹತ್ತಿಯ ಪಟ್ಟಿ ಇರುತ್ತದೆ. ಅದರ ಉಂಡೆ ನನ್ನ ಮಡಿಲಿಗೆ ಎಸೆದು, "ಬಳಿ ಹಾಕ್ಕೊ, ಮ್ಯಾಲ ಇದನ್ನ ಸುತ್ತಗೊ. ಮನ್ಯಾಗ ಬಿಚ್ಚು" ಅಂದ. ಸುತ್ತಿಕೊಂಡೆ. ಮುಂಗೈಗೆ ಏಟು ಬಿದ್ದವಳ ಹಾಗೆ ಕಾಣುತ್ತಿದ್ದೆ. ಉಸ್ತಾದರು ನೋಡಿ, "ವಾರ್ನಿಷ್ ಯಾವಾಗ ಹಚ್ಚೋದು?" ಅಂದರು. ಆದರೆ ತಂತಿ ಕೆಡಲಿಲ್ಲ, ಅತ್ತೆ ಊಟ ಮಾಡಿದಳು. ಅವಳು ಸಾಯುವ ತನಕ ನಾನು ಹಾಗೆಯೇ ಕೆಲಸ ಮಾಡಿದೆ.

ನಾನು ಒಬ್ಬಳೇ ಮೊದಲು ಕಟ್ಟಿದ್ದು ಒಂದು ಛತ್ತಿನ ಫ್ಯಾನು. ಕೊಕ್ಕೆಗೆ ನೇತು ಹಾಕಿ ಚಾಲೂ ಮಾಡಿದರು. ಫ್ಯಾನು ಜೋರಾಗಿ ತಿರುಗಿತು, ಕೆಳಗೆ ಒಂದಿಷ್ಟೂ ಗಾಳಿ ಇಲ್ಲ. ಮೇಲೆ ಜೇಡರ ಬಲೆ ಹಾರಾಡುತ್ತಿತ್ತು. ಎರಡು ತುದಿಗಳನ್ನು ಅದಲು ಬದಲು ಕೂಡಿಸಿದ್ದೆ, ಫ್ಯಾನು ಉಲ್ಟಾ ತಿರುಗುತ್ತಿತ್ತು. ಉಸ್ತಾದರು ಮೇಲೆ ನೋಡಿ ನಿಧಾನವಾಗಿ ಕೇಳಿದರು: "ಕ್ಯಾ ಶರಣಮ್ಮಾ, ಛತ್ತಿಗೆ ಭಾಳ ಸೆಕಿ ಆಗೈತೇನು?"

ಆ ಅಂಗಡಿಯಲ್ಲಿ ಒಂದು ಕಾಯಿದೆ ಇತ್ತು. ಮೋಟರ್ ಸಿದ್ಧವಾದ ಮೇಲೆ ಅದನ್ನು ಮರದ ಹಲಗೆಯ ಪಕ್ಕ ಇಡುತ್ತಿದ್ದರು. ಕಟ್ಟಿದವನು ಗಿರಾಕಿಯ ಎದುರಿಗೆ ಹಲಗೆಯ ಮೇಲೆ ನಿಂತು, ಎಡಗೈಯ ಹಿಂಬದಿಯನ್ನು ಮೋಟರಿನ ಮೈಗೆ ತಾಗಿಸಿ, ಬಲಗೈಯಲ್ಲಿ ಬಟನ್ ಒತ್ತಬೇಕು. ಅಂಗೈ ತಾಗಿಸಬಾರದು. ಕರೆಂಟ್ ಹೊಡೆದರೆ ಅಂಗೈ ಮಡಿಚಿ ಹಿಡಿದುಕೊಂಡುಬಿಡುತ್ತದೆ, ಹಿಂಗೈಯಾದರೆ ತಾನಾಗಿ ಬಿಡುತ್ತದೆ. ಬಲ್ಬು ಹಚ್ಚಿ ಮೊದಲೇ ಪರೀಕ್ಷೆ ಮಾಡಿರುತ್ತಾರೆ, ಆದರೂ ತನ್ನ ಕೆಲಸಕ್ಕೆ ತಾನೇ ಮೈಯೊಡ್ಡಬೇಕು ಅನ್ನುವುದು ಉಸ್ತಾದರ ಹಟ. "ಜಿನೇ ಬಾಂಧಾ, ಉನೇಚ್ ಬಟನ್ ದಬಾನಾ" ಅನ್ನುತ್ತಿದ್ದರು. ಯಾರು ಕಟ್ಟಿದರೋ ಅವರೇ ಬಟನ್ ಒತ್ತಬೇಕು. ಗಿರಾಕಿ ಹಾಗೆ ಮುಖ ನೋಡಿಕೊಳ್ಳುತ್ತಿದ್ದ. ಮುಂದಿನ ಸಲ ಬಂದಾಗ ಆ ಕಾರೀಗರನನ್ನೇ ಹೆಸರು ಹಿಡಿದು ಕೇಳುತ್ತಿದ್ದ. ಹೆಸರು ಬರುವುದು ಹಾಗೆ.

ನನ್ನ ಮೋಟರುಗಳಿಗೆ ಬಟನ್ ಒತ್ತುತ್ತಿದ್ದವನು ಯಾದಗಿರಿ. ಹೆಂಗಸು ಕಟ್ಟಿದ್ದು ಅಂತ ತಿಳಿದರೆ ಗಿರಾಕಿ ಹೊತ್ತುಕೊಂಡು ಕೋಠಿ ಬಜಾರಿನ ಅಂಗಡಿಗೆ ಹೋಗುತ್ತಾನೆ ಎಂದು ಉಸ್ತಾದರಿಗೆ ಅಂಜಿಕೆ. ಗಿರಾಕಿ ಬರುವ ಹೊತ್ತಿಗೆ ನನ್ನನ್ನು ಪರದೆಯ ಕಡೆ ಕಳಿಸುತ್ತಿದ್ದರು. ಆಪಾ ನನಗಾಗಿ ಬಿಚ್ಚಿಸಿದ ಬಾಗಿಲಿನ ಹಿಂದೆಯೇ ನಾನು ಅಡಗಬೇಕಾಯಿತು. ಅಲ್ಲಿ ನಿಂತು ನನ್ನ ಮೋಟರಿನ ಸದ್ದು ಕೇಳುತ್ತಿದ್ದೆ. "ವಾಹ್ ಯಾದಗಿರಿ, ಸೋನೇ ಕಾ ಹಾಥ್", ಬಂಗಾರದ ಕೈ, ಅಂತ ಗಿರಾಕಿ ಹೊಗಳುವುದನ್ನೂ ಕೇಳುತ್ತಿದ್ದೆ.

ಒಮ್ಮೆ ಉಸ್ತಾದರನ್ನು ಕೇಳಿಯೇ ಬಿಟ್ಟೆ. "ಕಾಯಿದೆ ನಿಮ್ಮದಽ ಅಲ್ರಿ? ನನಗ್ಯಾಕ ಇಲ್ಲ?"

"ಕೆಲಸ ಐತಿಲ್ಲ ನಿನಗ? ಬಟನ್ ತಗೊಂಡು ಏನ ಮಾಡ್ತಿ, ಉಪ್ಪಿನಕಾಯಿ ಹಾಕ್ತಿ?" ಅಂದರು. ಮುಖ ಮಾತ್ರ ಆಚೆ ತಿರುಗಿಸಿದ್ದರು.

ಹೀಗೆ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಒಂದು ಲಾಡ್ಜಿನ ಪಂಪು ಅದನ್ನು ಕೆಡಿಸಿತು. ಮೋಟರ್ ಕಟ್ಟಿದವಳು ನಾನು. ಒಂದು ಸುರುಳಿಯನ್ನು ತಿರುವು ಮುರುವು ಕೂಡಿಸಿದ್ದೆ, ಗೊತ್ತಾಗಿರಲಿಲ್ಲ. ಲಾಡ್ಜಿನ ಮ್ಯಾನೇಜರ್ ಬಂದ. ಯಾದಗಿರಿ ಮೀಸೆ ತಿರುವಿ, ಹಲಗೆ ಹತ್ತಿ, ಬಟನ್ ಒತ್ತಿದ. ಮೋಟರ್ ಎಮ್ಮೆ ಹಾಗೆ ಗುರುಗುಟ್ಟಿತು, ತಿರುಗಲೇ ಇಲ್ಲ. ಫ್ಯೂಸು ಹಾರಿತು. ಇಡೀ ಗಲ್ಲಿಯ ಕರೆಂಟ್ ಹೋಯಿತು.

ಮ್ಯಾನೇಜರ್ ಬೈದದ್ದನ್ನು ಬರೆಯಬಾರದು. ಲಾಡ್ಜಿನ ಜನವೆಲ್ಲ ಸ್ನಾನವಿಲ್ಲದೆ ಕೂತಿದ್ದರಂತೆ. ಕುಡಿದು ಕೆಲಸ ಮಾಡುತ್ತೀಯೇನೋ ಎಂದು ಯಾದಗಿರಿಗೆ ಅಂದ. ಆ ಮನುಷ್ಯ ಹನಿ ಮುಟ್ಟಿದವನಲ್ಲ. ಕತ್ತಲಾದ ಅಂಗಡಿಗಳಿಂದ ಜನ ಹೊರಗೆ ಬಂದು ನೋಡುತ್ತಿದ್ದರು. ನಾನು ಪರದೆ ಸರಿಸಿ ಬಂದೆ, ಅದು ನನ್ನ ಕೆಲಸ ಅನ್ನಬೇಕೆಂದು. ಉಸ್ತಾದರು ಕಣ್ಣಿನಲ್ಲೇ ತಡೆದರು. ಯಾದಗಿರಿ ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತು ಸಾಬ್" ಅಂದ.

ಮ್ಯಾನೇಜರ್ ಹೋದ ಮೇಲೆ ಯಾದಗಿರಿ ಮೋಟರ್ ಬಿಚ್ಚಿ ನನ್ನ ಮುಂದೆ ಇಟ್ಟ. ಯಾವ ಸುರುಳಿ ಅಂತ ಬೆರಳಿಟ್ಟು ತೋರಿಸಿದ. ಆಮೇಲೆ ಮೀಸೆಗೆ ಕೈ ಹಾಕದೆ ಮಾತಾಡಿದ.

"ಅಕ್ಕಾ, ನಿನ್ನ ಹೊಗಳಿಕಿ ನಾ ತಿಂದೆ. ಛಲೋ ಹತ್ತಿತ್ತು. ಇವತ್ತ ನಿನ್ನ ಬೈಗುಳಾನೂ ತಿಂದೆ. ಇನ್ನ ನನ್ನ ಹೊಟ್ಟ್ಯಾಗ ಜಾಗಾ ಇಲ್ಲ. ಎರಡೂ ನೀನಽ ತಿನ್ನು."

ಅವನು ಅಕ್ಕಾ ಅಂದದ್ದು ಅದೇ ಮೊದಲು. ನನಗಿಂತ ದೊಡ್ಡವನಾಗಿಯೂ ಅಂದ.

ಅಲ್ಲಿಯ ತನಕ ಹೊಗಳಿಕೆ ಬರಲಿಲ್ಲವೆಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅಂದು ಬೇರೆ ಮಾತು ತಿಳಿಯಿತು. ನನ್ನ ತಪ್ಪಿಗೂ ನನ್ನ ಹೆಸರು ಇಲ್ಲದಿದ್ದರೆ ನಾನು ಆ ಅಂಗಡಿಯಲ್ಲಿ ಇಲ್ಲವೆಂದೇ ಲೆಕ್ಕ. ಬೈಸಿಕೊಳ್ಳಲೂ ಲಾಯಕ್ಕಿಲ್ಲದವಳು ಕಾರೀಗರಳು ಹೇಗಾಗುತ್ತಾಳೆ? ಉಸ್ತಾದರ ಮುಂದೆ ಹೋಗಿ ನಿಂತೆ.

"ಇನ್ನ ನಾ ಕಟ್ಟಿದ್ದಕ್ಕ ನಾನಽ ಬಟನ್ ಒತ್ತತೀನ್ರಿ. ಇಲ್ಲಾಂದ್ರ ಬಾಗಿಲದಾಗ ಗೋಣಿಚೀಲಾ ಹಾಸ್ಕೊಂಡು ಸುಟ್ಟ ತಂತಿ ಕೀಳತೀನಿ. ಕಟ್ಟಂಗಿಲ್ಲ."

"ಗಿರಾಕಿ ಹೋದ್ರ?"

"ಹೋಗ್ಲಿ ಅನ್ನಾಕ ಅಂಗಡಿ ನಂದಲ್ರಿ. ಕೈ ನಂದು."

ಪರದೆಯ ಆ ಕಡೆಯಿಂದ ಆಪಾ ಕೆಮ್ಮಿದರು. ಉಸ್ತಾದರು ಪರದೆ ನೋಡಿದರು, ನನ್ನನ್ನು ನೋಡಿದರು, "ಎರಡೂ ಕಡಿಂದ ಶಾರ್ಟ್ ಆಗೈತಿ" ಎಂದು ಗೊಣಗುತ್ತಾ ಬೀಡಿ ತರಲು ಹೋದರು.

ಮುಂದೆ ಬಂದ ಮೋಟರ್ ಬೇಗಂ ಬಜಾರಿನ ಮಿರ್ಚಿ ಗಿರಣಿಯದು. ಒಣ ಮೆಣಸಿನಕಾಯಿ ಪುಡಿ ಮಾಡುವ ಗಿರಣಿ. ಉಪ್ಪಿನಕಾಯಿ ಹಾಕುವ ಕಾಲ, ಊರೆಲ್ಲ ಖಾರದ ಪುಡಿಗೆ ಸರದಿ ನಿಂತಿತ್ತು. ಆ ಸೇಠ್ ಉಸ್ತಾದರ ದೊಡ್ಡ ಗಿರಾಕಿ. ಅವನು ಹೋದರೆ ಅವನ ಹಿಂದೆ ಅರ್ಧ ಬಜಾರ್ ಹೋಗುತ್ತಿತ್ತು. ಉಸ್ತಾದರ ಕೈ ಆಗಲೇ ನಡುಗಲು ಶುರುವಾಗಿತ್ತು, ದೊಡ್ಡ ಮೋಟರ್ ಅವರಿಂದ ಆಗುತ್ತಿರಲಿಲ್ಲ. ಯಾದಗಿರಿ ಬೇರೆ ಎರಡು ಪಂಪು ಹಿಡಿದಿದ್ದ. ನಾನೇ ಕಟ್ಟಿದೆ. ಸೀನು ತಡೆಯಲು ಮೂಗಿಗೆ ಸೆರಗು ಕಟ್ಟಿಕೊಂಡು ಕಟ್ಟಿದೆ. ಸೀಳು ಸೀಳಿನಲ್ಲೂ ಮೆಣಸಿನ ಪುಡಿ.

ಸೇಠ್ ಬಂದ. ನಾನು ಪರದೆಯ ಕಡೆ ಹೋಗಲಿಲ್ಲ. ಯಾದಗಿರಿ ತನ್ನ ಎರಡೂ ಕೈಗಳನ್ನು ವಾರ್ನಿಷ್ ಡಬ್ಬಿಯಲ್ಲಿ ಅದ್ದಿದ, ಬೇಕೆಂದೇ. ಎತ್ತಿ ತೋರಿಸಿದ. "ನನ್ನ ಕೈ ಹಸಿ ಐತಿ ಉಸ್ತಾದ್, ಬಟನ್ ಮುಟ್ಟಾಕ ಬರಂಗಿಲ್ಲ."

ಉಸ್ತಾದರು ನನ್ನ ಕಡೆ ತಿರುಗಿದರು. "ಶರಣಮ್ಮಾ, ಹತ್ತು ಹಲಗಿ."

ಸೇಠ್ ಅತ್ತಿತ್ತ ನೋಡಿದ. "ಔರತ್? ಯೇ ಬಾಂಧೀ? ಅರೇ ಖಾಜಾ ಭಾಯ್, ಮೇರೀ ದುಕಾನ್ ಬಂದ್ ಕರಾತೇ ಕ್ಯಾ?" ಹೆಂಗಸು ಕಟ್ಟಿದ್ದಾಳೆ ಅಂದರೆ ನನ್ನ ಅಂಗಡಿ ಮುಚ್ಚಿಸುತ್ತೀರಾ ಅಂತ. ಕೈಗಾಡಿಯವನನ್ನು ಕರೆಯಲು ಹೊರಗೆ ತಿರುಗಿಯೂ ಬಿಟ್ಟ.

ಉಸ್ತಾದರು ಹಿಂದೆ ಹೋಗಿ ಕೈ ಮುಗಿಯುತ್ತಾರೆ ಅಂದುಕೊಂಡೆ. ಕೂತಲ್ಲಿಂದ ಏಳಲಿಲ್ಲ. "ಸೇಠ್, ನಮ್ಮ ಅಂಗಡೀ ಕಾಯಿದೆ ನಿಮಗ ಗೊತ್ತೈತಿ. ಜಿನೇ ಬಾಂಧಾ ಉನೇಚ್ ದಬಾನಾ. ಒಯ್ಯೋದಿದ್ರ ಒಯ್ಯಿರಿ. ಆದ್ರ ತಿರುಗೋದು ನೋಡಿ ಒಯ್ಯಿರಿ" ಅಂದರು. ಧ್ವನಿ ಗಟ್ಟಿಯಿತ್ತು.

ಹಲಗೆ ಹತ್ತಿದೆ. ಬಳೆಗೆ ಸುತ್ತಿದ ಪಟ್ಟಿ ಸರಿಮಾಡಿಕೊಂಡು ಹಿಂಗೈ ಮೋಟರಿಗೆ ತಾಗಿಸಿದೆ. ಬಟನ್ ಒತ್ತಿದೆ.

ಒಂದೇ ಏಟಿಗೆ ಎದ್ದಿತು. ಗುಂಯ್ ಅಂತ ಒಂದೇ ಸ್ವರ, ನಡುಕವಿಲ್ಲ. ನನ್ನ ಕೈಗೆ ಬೆಕ್ಕಿನ ಮೈ ಮುಟ್ಟಿದ ಹಾಗೆ ತಾಗುತ್ತಿತ್ತು. ಸೇಠ್ ಬಾಗಿಲಲ್ಲೇ ನಿಂತ. ಯಾದಗಿರಿ ನಗಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಉಸ್ತಾದರು ಎದ್ದು ಬಂದು ಮೋಟರಿನ ತುದಿ ನೋಡಿದರು.

"ಬಂದ್ ಮಾಡು!" ಅಂದರು. "ಶರಣಮ್ಮಾ! ಉಲ್ಟಾ ತಿರುಗಾಕತ್ತೈತಿ! ಪುಡಿ ಹಾಕಿದ್ರ ಮೆಣಸಿನಕಾಯಿ ಬರತೈತೇನು ಇದರಾಗ? ಮೂರು ತುದೀಗೆ ದಾರದ ಗುರ್ತು ಕಟ್ಟು ಅಂತ ಎಷ್ಟ ಸಲ ಹೇಳಿನಿ? ಕಣ್ಣೇನು ಮನ್ಯಾಗ ಇಟ್ಟು ಬಂದಿ? ಗಧೀ!"

ಗಲ್ಲಿಗೆಲ್ಲ ಕೇಳಿಸುವ ಹಾಗೆ, ಗಿರಾಕಿಯ ಎದುರಿಗೆ, ಯಾದಗಿರಿಯನ್ನು ಬೈಯುವ ಹಾಗೆಯೇ ಬೈದರು. ಗಧೀ ಅಂದರೆ ಕತ್ತೆ, ನಮ್ಮ ಕಡೆಯ ಮಾತಿನಲ್ಲಿ ಕತ್ತಿ. ನಾನು ಇಕ್ಕಳ ತೆಗೆದುಕೊಂಡು, ಮೂರು ತಂತಿಯಲ್ಲಿ ಎರಡನ್ನು ಅದಲು ಬದಲು ಮಾಡಿದೆ. ಮೂರು ತಂತಿಯ ಮೋಟರಿಗೆ ಅಷ್ಟೇ ಸಾಕು. ಮತ್ತೆ ಹಲಗೆ ಹತ್ತಿದೆ, ಒತ್ತಿದೆ, ಸುಲ್ಟಾ, ಅಂದರೆ ಸರಿಯಾದ ದಿಕ್ಕಿಗೆ, ತಿರುಗಿತು.

ಸೇಠ್ ನಗುತ್ತಿದ್ದ. ಮೆಣಸಿನಕಾಯಿಯ ಮಾತು ಅವನಿಗೆ ಬಹಳ ಹಿಡಿಸಿತ್ತು. "ಇತ್ನಾ ಮತ್ ಚಿಲ್ಲಾವ್ ಖಾಜಾ ಭಾಯ್, ಘೂಮೀ ನಾ" ಅಂದ. ಅಷ್ಟು ಕೂಗಬೇಡಿ, ತಿರುಗಿತಲ್ಲ ಅಂತ. ಮೋಟರನ್ನು ಕೈಗಾಡಿಗೆ ಏರಿಸುವಾಗ ನನ್ನ ಹೆಸರು ಕೇಳಿದ. ಆಮೇಲೆ ಅವನ ಗಿರಣಿಯಿಂದ ಯಾರೇ ಬಂದರೂ "ಶರಣಮ್ಮಾಕು ಬುಲಾವ್, ಉಲ್ಟಾ ವಾಲೀಕು" ಅನ್ನುತ್ತಿದ್ದರು. ಶರಣಮ್ಮನನ್ನು ಕರೆಯಿರಿ, ಆ ಉಲ್ಟಾದವಳನ್ನು ಅಂತ. ಉಲ್ಟಾ ಶರಣಮ್ಮ ಅನ್ನುವ ಹೆಸರು ಬೇಗಂ ಬಜಾರಿನಲ್ಲಿ ಕೊನೆಯ ತನಕ ಉಳಿಯಿತು. ಕೆಲವರು ಕೋಠಿಗೆ ಹೋದರು, ಹೋಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅರ್ಧ ಜನ ತಿರುಗಿ ಬಂದರು.

ಅಂದು ಸಂಜೆ ಮನೆಗೆ ಹೋಗಿ ಭೀಮಣ್ಣನಿಗೆ, "ಇವತ್ತ ಉಸ್ತಾದ್ರು ಗಿರಾಕಿ ಮುಂದ ನನಗ ಕತ್ತಿ ಅಂದ್ರು" ಅಂದೆ. ಅವನು ನನ್ನ ಮುಖ ನೋಡಿ, "ಅದಕ್ಕ ಇಷ್ಟ್ಯಾಕ ಖುಷಿ ಆಗಿ?" ಅಂದ. ಹೇಳಿದೆ. ಅವನಿಗೆ ತಿಳಿಯಿತು. ಹಮಾಲಿ ಮಾಡಿದವನು, ಹೆಸರು ಹಿಡಿದು ಬೈಸಿಕೊಂಡವನು.

ಆಮೇಲಿನದು ದೊಡ್ಡ ಕಥೆಯಲ್ಲ. ಊರಿನಲ್ಲಿ ಮಹಡಿ ಮೇಲೆ ಮಹಡಿ ಎದ್ದವು, ಎಲ್ಲ ಕಡೆ ಬೋರ್ ಹೊಡೆದರು, ಬಾವಿಯೊಳಗೆ ಮುಳುಗಿರುವ ಉದ್ದನೆಯ ಮೋಟರುಗಳು ಬಂದವು. ಅವನ್ನು ಮೇಲೆತ್ತುವ ಜಾಗಕ್ಕೆ ಹೋಗಬೇಕು. ಯಾದಗಿರಿಯ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದೆ. ವಾಚ್‌ಮನ್‌ಗಳು ನನ್ನನ್ನು ಪಾತ್ರೆ ತೊಳೆಯುವವಳೆಂದು ತಿಳಿದು ಮೂರನೇ ಮಹಡಿಗೆ ಹೋಗು ಅನ್ನುತ್ತಿದ್ದರು. ಯಾದಗಿರಿ, "ಮೇಸ್ತ್ರಿ ಆಮೆನೇ, ನೇನು ಸೈಕಲ್ ವಾಣ್ಣಿ" ಅನ್ನುತ್ತಿದ್ದ. ಮೇಸ್ತ್ರಿ ಅವಳೇ, ನಾನು ಬರೀ ಸೈಕಲ್ಲಿನವನು ಅಂತ. ತಂತಿ ಬದಲಾಯಿತು. ಮೊದಲು ಬಲ್ಬಿನ ಶಾಖದಲ್ಲಿ ವಾರ್ನಿಷ್ ಒಣಗಿಸುತ್ತಿದ್ದೆವು, ಆಮೇಲೆ ಒಲೆಪೆಟ್ಟಿಗೆ ಬಂತು. ಫ್ಯಾನು ಕಟ್ಟಿಸುವವರು ಕಮ್ಮಿಯಾದರು, ಹೊಸದೇ ತರುತ್ತಾರೆ. ಉಸ್ತಾದರು ತೀರಿಕೊಂಡರು. ಆಪಾ ಅಂಗಡಿ ಮಾರಲಿಲ್ಲ, ನನ್ನನ್ನು ಮತ್ತು ಯಾದಗಿರಿಯನ್ನು ಕೂರಿಸಿ ನಡೆಸಿಕೊಳ್ಳಿ ಅಂದರು. ಆ ಪರದೆ ಹರಿದಾಗ ಇನ್ನೊಂದನ್ನು ತಾವೇ ಹೊಲಿದರು.

ಅಂಬಿಕಾ ಬಂದದ್ದು ನನ್ನ ಕಣ್ಣು ಮಂಜಾಗುತ್ತಿದ್ದ ಕಾಲಕ್ಕೆ. ಬೀದರ್ ಕಡೆಯವಳು, ಅವಳ ಅಪ್ಪ ಇಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿದ್ದ. ತರಬೇತಿ ಶಾಲೆಯ ಸರ್ಟಿಫಿಕೇಟ್ ಹಿಡಿದು, ಪ್ಯಾಂಟ್ ಹಾಕಿಕೊಂಡು, ಬರಿಗೈಯಲ್ಲಿ ಬಂದಳು. ಬಂದ ಕೂಡಲೇ, "ಆಂಟೀ, ಬಾತ್‌ರೂಮ್ ಎಲ್ಲೈತಿ?" ಎಂದು ಕೇಳಿದಳು. ಅಲ್ಲೇ ಅವಳನ್ನು ಇಟ್ಟುಕೊಂಡೆ.

ಅವಳು ಒಬ್ಬಳೇ ಕಟ್ಟಿದ ಮೊದಲ ಪಂಪು ಒಂದು ಅಪಾರ್ಟ್‌ಮೆಂಟಿನದು. ಅಲ್ಲಿಯ ಅಧ್ಯಕ್ಷರು ಬಂದರು. ಒಳ್ಳೆಯ ಮನುಷ್ಯ, ಕನ್ನಡದವರೇ, ನನಗೆ ಹಳಬರು. ಅಂಬಿಕಾ ಹಲಗೆ ಹತ್ತಿದಳು. ಅವರು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದರು: "ಶರಣಮ್ಮಾರ, ಹುಡುಗಿ ಸಣ್ಣದೈತಿ. ನೀವಽ ಒಮ್ಮೆ ಬಟನ್ ಒತ್ತಿ ಬಿಡ್ರಿ. ನಿಮ್ಮ ಕೈ ಅಂದ್ರ ನಮಗ ಧೈರ್ಯ."

ಅದು ಕೆಟ್ಟ ಮಾತಲ್ಲ. ಕಿವಿಗೆ ಹಿತವಾಗಿಯೇ ಇತ್ತು. ಅಂಬಿಕಾಗೂ ಕೇಳಿಸಿತ್ತು, ಹಲಗೆಯಿಂದ ಒಂದು ಕಾಲು ಕೆಳಗೆ ಇಟ್ಟಿದ್ದಳು. ಯಾದಗಿರಿ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಅವನ ಮೀಸೆ ಬೆಳ್ಳಗಾಗಿತ್ತು. ವಾರ್ನಿಷ್ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ನೂಕಿದ.

"ನಾ ಕಟ್ಟಿಲ್ರಿ ಅದನ್ನ" ಅಂದೆ ಅವರಿಗೆ. "ಅಂಬಿಕಾ, ಕಾಲು ಮ್ಯಾಲ ಇಡು. ಹಿಂಗೈ ತಾಗಿಸು. ಒತ್ತು."

ಒತ್ತಿದಳು. ಮೋಟರ್ ಎದ್ದಿತು. ಎದ್ದ ಕೂಡಲೇ ಕಿರ್ರ್ ಅಂತ ಸದ್ದು. ಒಂದು ಎಳೆ ದಾರ ಸರಿಯಾಗಿ ಕತ್ತರಿಸದೆ ಬಿಟ್ಟಿದ್ದಳು, ತಿರುಗುವ ಭಾಗಕ್ಕೆ ತೀಡುತ್ತಿತ್ತು. ನನ್ನ ಬಾಯಿಗೆ ಉಸ್ತಾದರು ಬಂದರು.

"ಅಂಬಿಕಾ! ಬಂದ್ ಮಾಡು! ಮೋಟರಿಗೆ ಜಡಿ ಬಿಟ್ಟೀ ಏನು, ಹೂವಾನೂ ಮುಡಿಸು! ಕತ್ತರಿ ಎಲ್ಲಿ ಇಟ್ಟಿದ್ದಿ? ಕತ್ತೀ!"

ಅಧ್ಯಕ್ಷರು ಗಾಬರಿಯಾದರು. ಗಲ್ಲಿಯವರು ತಿರುಗಿ ನೋಡಿದರು. ಹುಡುಗಿ ನನ್ನ ಹಾಗೆ ಖುಷಿಪಡಲಿಲ್ಲ, ಅಳಲೂ ಇಲ್ಲ. ಸೊಂಟದ ಮೇಲೆ ಕೈ ಇಟ್ಟು ತಿರುಗಿ ನಿಂತಳು. "ಆಂಟೀ, ನಾ ಕಟ್ಟೀನಿ, ನಾ ನೋಡ್ಕೊಂತೀನಿ. ಕತ್ತಿ ಗಿತ್ತಿ ಅನ್ನಬ್ಯಾಡ್ರಿ, ನನಗ ಕಿವಿ ಅದಾವ."

ಯಾದಗಿರಿ ಮೂಲೆಯಲ್ಲಿ ಕೆಮ್ಮುವ ನೆಪದಲ್ಲಿ ನಕ್ಕ. ಪರದೆಯ ಆ ಕಡೆಯಿಂದಲೂ ಒಂದು ಕೆಮ್ಮು ಬಂತು.

ಅಂಬಿಕಾ ಮೋಟರ್ ಬಿಚ್ಚಿ ಕತ್ತರಿ ಕೈಗೆ ತೆಗೆದುಕೊಂಡಳು. ಆ ಎಳೆ ಎಲ್ಲಿದೆ ಅಂತ ನನಗೆ ಸದ್ದಿನಲ್ಲೇ ಗೊತ್ತಾಗಿತ್ತು, ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಎರಡೂ ಕೈ ಹಿಂದೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿ ಹಿಡಿದು ನಿಂತೆ. ಅವಳು ಹುಡುಕಲಿಕ್ಕೆ ಬಹಳ ಹೊತ್ತು ತೆಗೆದುಕೊಂಡಳು.